ನಾಲ್ವರಿಲ್ಲದ ಫಿಂತಾಸ್ ಫೋರ್

ಗಿಟಾರ್ ನುಡಿಸಿದ್ದು ಯಾರು ಎಂದು ಅಬೂ ನಾಸರ್ ಕೇಳಿದಾಗ ನಾನು ‘ನಾನೇ’ ಎಂದುಬಿಟ್ಟೆ. ಹಿಲ್ಡಾ ಬಾಯಿ, ನುಡಿಸಿದ್ದು ನೀವು. ಆ ಕ್ಯಾಸೆಟ್ಟಿನ ಎರಡೂ ಬದಿಯಲ್ಲಿ ತಂತಿ ಮುಟ್ಟಿದ ಬೆರಳೆಲ್ಲ ನಿಮ್ಮದು. ನನ್ನ ಬೆರಳು ಮುಟ್ಟಿದ್ದು ರೆಕಾರ್ಡಿಂಗ್ ಮೆಷಿನ್ನಿನ ಗುಂಡಿಯನ್ನು ಮಾತ್ರ.

ಹೇಳಬೇಕಾಗಿದ್ದು ಇಷ್ಟೇ. ಇದಕ್ಕೆ ನನಗೆ ಮೂವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಹೇಳಿದ ಮೇಲಾದರೂ ಎದೆ ಹಗುರವಾಯಿತೇ ಎಂದರೆ ಅದೂ ಇಲ್ಲ — ಇಷ್ಟು ಚಿಕ್ಕ ಮಾತಿಗೆ ಇಷ್ಟು ವರ್ಷವೇ ಎಂದು ನಾಚಿಕೆ ಇನ್ನೂ ಹೆಚ್ಚಾಗಿದೆ. ಹಾಗಾಗಿ ಪೂರ್ತಿ ಹೇಳುತ್ತೇನೆ. ನಿಮಗೆ ಗೊತ್ತಿರುವುದನ್ನೂ ಬಿಡದೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇದನ್ನು ನೀವಷ್ಟೇ ಕೇಳಿದರೆ ಸಾಲದು.

ನಾನಾಗ ಉಡುಪಿ ಕಡೆಯಿಂದ ಹೋದ ರೇಡಿಯೋ ಮೆಕ್ಯಾನಿಕ್. ಕುವೈತಿನ ರಾಯ್‌ನಲ್ಲಿ, ಗ್ಯಾರೇಜು ಶೋರೂಮುಗಳ ನಡುವೆ, ಅಬೂ ನಾಸರ್ ಎಂಬ ಕುವೈತಿಯೊಬ್ಬರು ಕಾರುಗಳಿಗೆ ಸ್ಟೀರಿಯೋ ಕೂರಿಸುವ ಅಂಗಡಿ ಇಟ್ಟಿದ್ದರು. ಅವರೇ ನನ್ನ ಕಫೀಲ್, ವೀಸಾ ಕೊಟ್ಟು ಕರೆಸಿಕೊಂಡ ಧಣಿ. ಹಗಲೆಲ್ಲ ನಾನು ಡ್ಯಾಶ್‌ಬೋರ್ಡಿನೊಳಗೆ ತಲೆ ತೂರಿಸಿ ವೈರು ಜೋಡಿಸುತ್ತಿದ್ದೆ. ಅಂಗಡಿಯ ಹಿಂದೆ, ಗೋಡೆಗೆಲ್ಲ ಸ್ಪಂಜು ಅಂಟಿಸಿದ ಒಂದು ಕೋಣೆಯಿತ್ತು. ಅಲ್ಲೊಂದು ನಾಲ್ಕು ಟ್ರ್ಯಾಕಿನ ರೆಕಾರ್ಡರ್, ಒಂದು ಡ್ರಮ್ ಮೆಷಿನ್, ಎರಡು ಮೈಕು. ಅಬೂ ನಾಸರ್ ಹರೆಯದಲ್ಲಿ ಅಮೆರಿಕದ ಕಡಲ ತೀರದಲ್ಲಿ ಓದಿ ಬಂದವರು. ಓದಿದ್ದೆಲ್ಲ ಮರೆತಿದ್ದರೂ ಅಲ್ಲಿ ಕೇಳಿದ ಗಿಟಾರನ್ನು ಮರೆತಿರಲಿಲ್ಲ. ಹಲಗೆಯ ಮೇಲೆ ನಿಂತು ಅಲೆಯೇರುವ ಹುಡುಗರಿಗಾಗಿ ಹುಟ್ಟಿದ ಸಂಗೀತವಂತೆ ಅದು — ಸರ್ಫ್ ರಾಕ್. ಮಾತಿಲ್ಲ, ಹಾಡಿಲ್ಲ, ಗಿಟಾರ್ ಒಂದೇ ನೀರಿನಿಂದ ಈಗಷ್ಟೇ ಎದ್ದು ಬಂದಂತೆ ಒದ್ದೆಯಾಗಿ ಕೇಳಬೇಕು. ಸ್ಟೀರಿಯೋ ಕೊಂಡವರಿಗೆಲ್ಲ ಅಂಥದೊಂದು ಕ್ಯಾಸೆಟ್ಟನ್ನು ಕೈಗಿಟ್ಟು ಕಳಿಸಬೇಕೆಂಬುದು ಅವರ ಹಂಬಲ. ‘ಅಂಥ ಬ್ಯಾಂಡ್ ಇಲ್ಲಿ ಇಲ್ಲವಲ್ಲ’ ಎಂದರೆ, ‘ಇಲ್ಲದಿದ್ದರೆ ಮಾಡು, ಯಲ್ಲಾ’ ಎಂದರು.

ಅಲೆಯೇ ಏಳದ ಕೊಲ್ಲಿಯ ದಂಡೆಯಲ್ಲಿ ಕುಳಿತು ಅಲೆಯ ಸಂಗೀತ ಮಾಡಬೇಕು. ನಾನು ಹೂಂ ಎಂದೆ. ಆ ವಯಸ್ಸಿನಲ್ಲಿ ನಾನು ಎಲ್ಲದಕ್ಕೂ ಹೂಂ ಎನ್ನುತ್ತಿದ್ದೆ.

ನೀವು ಸಿಕ್ಕಿದ್ದು ಕನ್ನಡಿಗರ ಒಂದು ಕೂಟದಲ್ಲಿ. ಶಾಲೆಯೊಂದರ ಹಾಲ್, ನಾನು ಸೌಂಡ್ ನೋಡಿಕೊಳ್ಳುತ್ತಿದ್ದೆ. ಹಾಡಲಿದ್ದ ಬ್ಯಾಂಕಿನ ಸಾಹೇಬರ ಗಿಟಾರ್ ಶ್ರುತಿ ತಪ್ಪಿತ್ತು. ಸಭೆಯಿಂದ ಹೂವಿನ ಫ್ರಾಕು ತೊಟ್ಟ, ಕನ್ನಡಕದ ಹೆಂಗಸೊಬ್ಬರು ಎದ್ದು ಬಂದು, ಅದನ್ನು ಈಸಿಕೊಂಡು, ಬಿರಡೆಗಳನ್ನು ತಿರುವಿ ಸರಿಮಾಡಿದರು. ಸರಿಯಾಯಿತೇ ಎಂದು ನೋಡಲು ಒಂದೇ ಒಂದು ಸಾಲು ನುಡಿಸಿ, ಸಾಹೇಬರ ಕೈಗೆ ಕೊಟ್ಟು, ಸೆರಗಿಲ್ಲದಿದ್ದರೂ ಸೆರಗು ಸರಿಮಾಡಿಕೊಂಡವರಂತೆ ಭುಜ ಕುಗ್ಗಿಸಿಕೊಂಡು ಕೆಳಗಿಳಿದರು. ಹೆಡ್‌ಫೋನಿನಲ್ಲಿ ಆ ಒಂದು ಸಾಲು ಕೇಳಿಸಿಕೊಂಡವನು ನಾನೊಬ್ಬನೇ. ಆಮೇಲೆ ಸಾಹೇಬರು ಏನು ಹಾಡಿದರೋ ನನಗೆ ನೆನಪಿಲ್ಲ.

ಊಟದ ಸಾಲಿನಲ್ಲಿ ನಿಮ್ಮನ್ನು ಹಿಡಿದೆ. ಫಹಾಹೀಲ್‌ನ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸ, ಊರು ಹುಬ್ಬಳ್ಳಿ, ರೈಲ್ವೆ ಕಾಲೊನಿ ಎಂದಿರಿ. ನಮ್ಮ ಕಡೆಯ ರೂಢಿಯಂತೆ ನಾನು ‘ಬಾಯಿ’ ಎಂದೆ. ನೀವು ಮೊದಲ ದಿನವೇ ನನ್ನನ್ನು ‘ನೀ’ ಎಂದಿರಿ, ಅಕ್ಕ ತಮ್ಮನನ್ನು ಅನ್ನುವ ಹಾಗೆ.

‘ಗಿಟಾರ್ ಎಲ್ಲಿ ಕಲ್ತದ್ದು ಬಾಯಿ?’ ಎಂದು ಕೇಳಿದೆ.

‘ಅಪ್ಪ ಕಲಿಸ್ಯಾನ. ರೈಲ್ವೆ ಇನ್‌ಸ್ಟಿಟ್ಯೂಟ್‌ನ್ಯಾಗ ಅವನ ಬ್ಯಾಂಡ್ ಇತ್ತು. ಅವರ ಗಿಟಾರ್ ಮನಷ್ಯಾ ಕುಡದು ಬಿದ್ದಾಗೆಲ್ಲಾ ನಾನ ಬಾರ್ಸ್ತಿದ್ದೆ — ಪರದಾ ಹಿಂದ ಕುಂತು. ಅಂವ ಮುಂದ ನಿಂತು ಕೈ ಆಡಸ್ತಿದ್ದ, ಅಷ್ಟ.’ ನೀವು ಇದನ್ನು ನಗುತ್ತಲೇ ಹೇಳಿದಿರಿ. ತಟ್ಟೆಯಲ್ಲಿದ್ದ ಕೇಸರಿಬಾತನ್ನು ಚಮಚದಿಂದ ಒತ್ತಿ ಒತ್ತಿ ಚಪ್ಪಟೆ ಮಾಡುತ್ತ ಹೇಳಿದಿರಿ.

ಶುಕ್ರವಾರ ಅಂಗಡಿಗೆ ರಜೆ. ನೀವು ಚರ್ಚಿನ ಪೂಜೆ ಮುಗಿಸಿ, ಅಪ್ಪ ಕೊಟ್ಟ ಹಳೆಯ ಟೊಳ್ಳು ಗಿಟಾರನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಟ್ಯಾಕ್ಸಿಯಲ್ಲಿ ರಾಯ್‌ಗೆ ಬರುತ್ತಿದ್ದಿರಿ. ಜೊತೆಗೊಂದು ಡಬ್ಬಿ — ಹಸಿಮೆಣಸಿನ ಚಟ್ನಿ ಹಚ್ಚಿದ ಬ್ರೆಡ್ಡು. ‘ತಿನ್ನು ಮೊದಲ, ಹಸಿದವರ ಕಿವಿ ಮಂದ ಇರ್ತಾವು’ ಎನ್ನುತ್ತಿದ್ದಿರಿ. ಗಿಟಾರಿಗೆ ತಂತಿಯ ಸದ್ದು ಹಿಡಿಯುವ ಪಿಕಪ್ ಬೆಸುಗೆ ಹಾಕಿ ಕೂರಿಸಿದ್ದು ನಾನು. ಆ ಇಡೀ ಸಂಗೀತದಲ್ಲಿ ನನ್ನದೆಂದು ಹೇಳಿಕೊಳ್ಳಲು ಬರುವ ಕೆಲಸ ಅದೊಂದೇ. ಅಲ್ಲ — ನೀರಿನ ಟ್ಯಾಂಕಿಯ ಉಪಾಯವೂ ನನ್ನದೇ. ಅಬೂ ನಾಸರ್ ಕೇಳಿದ ಒದ್ದೆ ಸದ್ದು ನಮ್ಮ ಆಂಪ್ಲಿಫೈಯರಿನಲ್ಲಿ ಬರಲೇ ಇಲ್ಲ. ತಾರಸಿಯ ಮೇಲೆ ಬಿಸಿಲಿಗೆ ಒಣಗುತ್ತಿದ್ದ ಖಾಲಿ ಫೈಬರ್ ಟ್ಯಾಂಕಿಯೊಳಗೆ ಸ್ಪೀಕರೊಂದನ್ನು ಇಳಿಸಿ, ನಿಮ್ಮ ಗಿಟಾರನ್ನು ಅದರಲ್ಲಿ ಹರಿಸಿ, ಟ್ಯಾಂಕಿಯ ಬಾಯಿಗೆ ಮೈಕು ನೇತುಹಾಕಿ ಆ ಸದ್ದನ್ನು ತಿರುಗಿ ಹಿಡಿದೆ. ಹನಿ ನೀರಿಲ್ಲದ ಟ್ಯಾಂಕಿಯಿಂದ ತೊಟ್ಟಿಕ್ಕುವ ಸಂಗೀತ ಬಂತು. ನೀವು ಹೆಡ್‌ಫೋನ್ ಹಾಕಿಕೊಂಡು ಕೇಳಿದವರು ಕಣ್ಣೊರೆಸಿಕೊಂಡು, ‘ಹುಚ್ಚಾ’ ಎಂದಿರಿ. ನನ್ನನ್ನು ಯಾರೂ ಅಷ್ಟು ಪ್ರೀತಿಯಿಂದ ಬೈದದ್ದಿಲ್ಲ.

ನಾಲ್ಕು ಟ್ರ್ಯಾಕ್. ಒಂದರಲ್ಲಿ ಡ್ರಮ್ ಮೆಷಿನ್. ಉಳಿದ ಮೂರರಲ್ಲಿ ನೀವೇ: ಮೊದಲು ತಾಳ ಹಿಡಿಯುವ ಹಿಲ್ಡಾ, ಅವಳ ಮೇಲೆ ಕೆಳಗಿನ ಸ್ವರ ಒತ್ತುವ ಹಿಲ್ಡಾ, ಅವರಿಬ್ಬರ ಮೇಲೆ ಓಡುವ ಹಿಲ್ಡಾ. ನಿಮ್ಮದೇ ಸದ್ದನ್ನು ಕೇಳುತ್ತ ನಿಮ್ಮ ಜೊತೆ ನೀವೇ ನುಡಿಸುವಾಗ ನಿಮ್ಮ ಮುಖದಲ್ಲೊಂದು ತುಂಟತನ ಇರುತ್ತಿತ್ತು. ಮೊದಲ ಟ್ಯೂನಿಗೆ ನೀವಿಟ್ಟ ಹೆಸರು ‘ಗದಗ ಪ್ಯಾಸೆಂಜರ್’. ಮನೆಯ ಹಿಂದೆ ಹಾದುಹೋಗುತ್ತಿದ್ದ ಗಾಡಿ ಸ್ಟೇಷನ್ ಬಿಟ್ಟು ಬಿರುಸು ಹಿಡಿಯುವ ಸದ್ದಂತೆ ಅದು. ನೀವು ನುಡಿಸಿದ್ದು ರೈಲು. ಅಬೂ ನಾಸರ್‌ಗೆ ಕೇಳಿಸಿದ್ದು ಅಲೆ.

ಅವರು ಅದನ್ನು ಕೇಳಿದ್ದು ತಮ್ಮ ಕಾರಿನೊಳಗೆ, ಕಿಟಕಿ ಏರಿಸಿಕೊಂಡು, ಪಕ್ಕದಲ್ಲಿ ನನ್ನನ್ನು ಕೂರಿಸಿಕೊಂಡು. ಟ್ಯೂನ್ ಮುಗಿಯುವ ಹೊತ್ತಿಗೆ ದಪ್ಪ ಬೆರಳು ಸ್ಟಿಯರಿಂಗ್ ಮೇಲೆ ಕುಣಿಯುತ್ತಿತ್ತು. ‘ಯಾರಿದು ಗಿಟಾರ್?’ ಎಂದು ಕೇಳಿದರು.

ಇಲ್ಲಿ ನಾನು ನಿಲ್ಲಬೇಕು. ಎಷ್ಟೋ ವರ್ಷ ನನಗೆ ನಾನೇ ಒಂದು ಕಾರಣ ಹೇಳಿಕೊಳ್ಳುತ್ತಿದ್ದೆ — ಕೇಳದೆ ಹೊರಗಿನ ಹೆಂಗಸನ್ನು ಸ್ಟುಡಿಯೋಗೆ ಕರೆತಂದಿದ್ದೆ, ಕೆಲಸ ಹೋಗುತ್ತಿತ್ತು, ಅಲ್ಲಿರಲು ಬೇಕಾದ ಇಕಾಮಾ ಪರವಾನಗಿ ಹೋಗುತ್ತಿತ್ತು ಎಂದೆಲ್ಲ. ಅದು ನಿಜವಲ್ಲ. ಅಬೂ ನಾಸರ್ ಅಂಥವರಾಗಿರಲಿಲ್ಲ. ಕೇಳಿದ್ದರೆ ನಿಮಗೆ ಕುರ್ಚಿ ಹಾಕಿಸಿ ಚಹಾ ತರಿಸುತ್ತಿದ್ದರು. ನಿಜವೇನೆಂದರೆ ನನ್ನ ಕಡೆ ತಿರುಗಿದ ಆ ಮುಖದಲ್ಲಿ ಗೌರವವಿತ್ತು. ಅಲ್ಲಿಯವರೆಗೆ ಅವರು ನನ್ನನ್ನು ನೋಡಿದ್ದು ಡ್ಯಾಶ್‌ಬೋರ್ಡಿನ ಕೆಳಗೆ ಹೊರಚಾಚಿದ ಎರಡು ಕಾಲುಗಳಾಗಿ. ಆ ನೋಟ ಇನ್ನೊಂದು ಕ್ಷಣ ನನ್ನ ಮೇಲೆ ಇರಲಿ ಎನ್ನಿಸಿತು.

‘ಅನಾ’ ಎಂದೆ. ಅರಬ್ಬಿಯಲ್ಲಿ ‘ನಾನು’ ಎನ್ನಲು ಅಷ್ಟೇ ಸಾಕು, ಬಾಯಿ.

ಆ ದಿನದಿಂದ ಅವರಿಗೆ ನಾನು ಉಸ್ತಾದ್. ಉಳಿದವರು ಯಾರು ಎಂದಾಗ ನನ್ನ ಗೆಳೆಯರು ಮೂವರು ಎಂದೆ. ಸುಳ್ಳಿಗೆ ಕಾಲು ಕೊಟ್ಟ ಮೇಲೆ ಅದಕ್ಕೆ ಚಪ್ಪಲಿಯನ್ನೂ ಕೊಡಿಸಬೇಕಾಯಿತು. ಬ್ಯಾಂಡಿಗೆ, ಕಡಲ ದಂಡೆಯ ಫಿಂತಾಸ್ ಎಂಬ ಊರಿನ ಹೆಸರು ಹಿಡಿದು, ‘ಫಿಂತಾಸ್ ಫೋರ್’ ಎಂದು ಹೆಸರಾಯಿತು, ಕವರಿಗೆ ಫೋಟೋ ಬೇಕಾಯಿತು. ಮಹಬೂಲಾದ ದಂಡೆಯಲ್ಲಿ ನನ್ನ ಕೋಣೆಯ ಮೂವರನ್ನು ಪ್ಯಾಂಟ್ ಮಡಚಿ ನೀರಿಗಿಳಿಸಿದೆ. ಹಲಗೆ ಎಲ್ಲಿಂದ ತರುವುದು? ಅವರಲ್ಲೊಬ್ಬ ಸದಾನಂದ ಲಾಂಡ್ರಿಯಲ್ಲಿದ್ದ, ಅಲ್ಲಿಂದ ಇಸ್ತ್ರಿಯ ಹಲಗೆ ತಂದು, ಬಟ್ಟೆ ಕಿತ್ತು, ಕಾಲು ಮಡಚಿ, ಎದೆಗೆ ಒತ್ತಿ ಹಿಡಿದ. ಅವನಿಗೆ ಈಜು ಬಾರದು, ಮೊಣಕಾಲು ನೀರಿಗೇ ಹೆದರಿ ಹಲ್ಲು ಕಚ್ಚಿದ್ದ; ಫೋಟೋದಲ್ಲಿ ಅದು ಭಾರೀ ಸ್ಟೈಲಾಗಿ ಬಂತು. ನಡುವೆ ಕಪ್ಪು ಕನ್ನಡಕ ಹಾಕಿದ ನಾನು, ಕೈಯಲ್ಲಿ ನಿಮ್ಮ ಗಿಟಾರ್. ಗಿಟಾರಿನ ಫೋಟೋ ಮಾತ್ರ ಬೇಕು ಎಂದು ನಿಮ್ಮಿಂದ ಈಸಿಕೊಂಡು ಹೋಗಿದ್ದೆ, ನೆನಪಿದೆಯೇ. ಹಿಂದೆ ಕಡಲು ಹಾಸಿದ ಚಾಪೆಯಂತೆ ಸುಮ್ಮನೆ ಮಲಗಿತ್ತು.

ನೀವು ನನ್ನಲ್ಲಿ ಕೇಳಿದ್ದು ಒಂದೇ. ಕವರಿನ ಮೇಲೆ, ಎಷ್ಟು ಸಣ್ಣದಾದರೂ ಸರಿ, ನಿಮ್ಮ ಹೆಸರು. ಹುಬ್ಬಳ್ಳಿಯಲ್ಲಿ ಅಪ್ಪನಿಗೆ ಹುಷಾರಿರಲಿಲ್ಲ. ಪರದೆಯ ಹಿಂದೆ ಕೂರಿಸಿದವರು ಅವರೇ. ಅಚ್ಚಾದ ಹೆಸರನ್ನು ಅವರು ಕಣ್ಣಾರೆ ಓದಬೇಕು — ನಿಮಗೆ ಬೇಕಾದದ್ದು ಅಷ್ಟೇ. ಕ್ಯಾಸೆಟ್ ಬಂದ ದಿನ ನೀವು ಕವರನ್ನು ಬಿಚ್ಚಿ, ಮಡಿಕೆ ಮಡಿಕೆಯಾಗಿ ತಿರುಗಿಸಿ ನೋಡಿದಿರಿ. ‘ಗದಗ ಪ್ಯಾಸೆಂಜರ್’ ಇದ್ದ ಕಡೆ ‘ಮಹಬೂಲಾ ಮಾರ್ನಿಂಗ್’ ಎಂದಿತ್ತು. ಅದರ ಬಗ್ಗೆ ನೀವು ಕೇಳಲಿಲ್ಲ.

‘ನನ್ನ ಹೆಸರು ಎಲ್ಲೈತೋ?’

‘ಪ್ರಿಂಟಿನವ ಬಿಟ್ಟುಬಿಟ್ಟಿದ್ದಾನೆ ಬಾಯಿ. ಸೆಕೆಂಡ್ ಪ್ರಿಂಟಲ್ಲಿ ಬರ್ತದೆ, ನಾನು ಹೇಳಿದ್ದೇನೆ.’

ನೀವು ನಂಬಿದಿರಿ. ಸದಾನಂದನ ಇಸ್ತ್ರಿ ಹಲಗೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಫೋಟೋದಲ್ಲಿ ನಾನು ಗಿಟಾರ್ ಹಿಡಿದಿದ್ದರ ಬಗ್ಗೆ, ‘ಎಡಗೈ ಅಲ್ಲಿಡಬಾರದೋ, ನೋಡಿದವ್ರು ನಗ್ತಾರ’ ಎಂದಷ್ಟೇ ತಿದ್ದಿದಿರಿ. ಒಂದು ಕ್ಯಾಸೆಟ್ಟನ್ನು ಊರಿಗೆ ಹೊರಟವರ ಕೈಯಲ್ಲಿ ಅಪ್ಪನಿಗೆ ಕಳಿಸಿದಿರಿ. ಅವರು ಫೋನಿನಲ್ಲಿ ಹೇಳಿದ್ದನ್ನು ಮುಂದಿನ ಶುಕ್ರವಾರ ನನಗೆ ಹೇಳಿದಿರಿ: ‘ಹುಡುಗ್ರು ಭಾಳ ಚಲೋ ಬಾರ್ಸ್ಯಾರ, ಯಾರವ್ವಾ ಅವ್ರು ಅಂದ. ನಾ ಏನೂ ಹೇಳಲಿಲ್ಲ. ಹೆಸರು ಬಂದ ಮ್ಯಾಲೆ ಒಮ್ಮೆಲೆ ತೋರ್ಸ್ತೇನಿ.’

ಆಗ ನಾನು ಬಾಯಿ ಬಿಡಬಹುದಿತ್ತು. ಒಂದು ಫೋನ್. ಒಂದು ವಾಕ್ಯ. ನೀವು ಡಬ್ಬಿ ತೆರೆದು ನನ್ನ ಮುಂದೆ ಸರಿಸಿದಿರಿ, ನಾನು ತಿಂದೆ.

ಜುಲೈನಲ್ಲಿ ನಿಮ್ಮ ಅಪ್ಪ ತೀರಿಕೊಂಡರು. ಡಾಕ್ಟರರ ಬಳಿ ಬೇರೆ ರಿಸೆಪ್ಷನಿಸ್ಟ್ ಇರಲಿಲ್ಲ, ನಿಮಗೆ ರಜೆ ಸಿಗಲಿಲ್ಲ, ಮಣ್ಣಿಗೂ ಹೋಗಲಾಗಲಿಲ್ಲ. ಆ ಶುಕ್ರವಾರ ಬಂದು ಗಿಟಾರನ್ನು ಬಿಚ್ಚದೆ ಮಡಿಲಲ್ಲಿಟ್ಟುಕೊಂಡು ಕುಳಿತಿರಿ. ನಾನು ತಾಳಲಾರದೆ ಅತ್ತೆ. ನೀವೇ ನನ್ನ ಬೆನ್ನು ತಟ್ಟಿದಿರಿ, ದುಃಖದಲ್ಲಿ ಜೊತೆಯಾದ ಹುಡುಗ ಎಂದುಕೊಂಡು. ಆ ಅಳು ಯಾವುದಕ್ಕೆ ಎಂಬುದು ನನಗೆ ಗೊತ್ತಿತ್ತು. ಆದರೂ ತಟ್ಟಿಸಿಕೊಂಡೆ.

ಇದೇ ಹೊತ್ತಿಗೆ ಅಬೂ ನಾಸರ್ ಇನ್ನೊಂದು ಹಂಬಲ ಹಚ್ಚಿಕೊಂಡಿದ್ದರು. ಫಹಾಹೀಲ್‌ನಲ್ಲಿ ಹೊಸ ಅಂಗಡಿ. ರಜೆಗೆ ಸಂಸಾರದೊಂದಿಗೆ ಕೈರೋಗೆ ಹೊರಡುವ ಮುನ್ನ, ಆಗಸ್ಟಿನ ಮೊದಲ ಗುರುವಾರ ಸಂಜೆ ಅದರ ಪ್ರಾರಂಭ. ಅಲ್ಲಿ ಫಿಂತಾಸ್ ಫೋರ್ ಎದುರಿಗೆ ನಿಂತು ನುಡಿಸಬೇಕು. ಮೂವರು ಹುಡುಗರಿಗೆ ವಾದ್ಯ ಹಿಡಿದು ಕೈಯಾಡಿಸಲು ಕಲಿಸಿದೆ. ಟೇಪ್ ಹಾಕಿ ಆಡಿಸೋಣವೆಂದರೆ ಅಬೂ ನಾಸರ್ ಕಿವಿಗೊಟ್ಟು ಕೂರುವ ಮನುಷ್ಯ, ಹಿಡಿದುಬಿಡುತ್ತಾರೆ. ಕಡೆಗೆ ನಿಮ್ಮ ಬಳಿ ಬಂದೆ. ಅಬೂ ನಾಸರ್‌ಗೆ ಹೆಂಗಸರು ಸ್ಟೇಜಿಗೆ ಬರುವುದು ಇಷ್ಟವಿಲ್ಲ, ನೀವು ಪರದೆಯ ಹಿಂದೆ ಕುಳಿತು ನುಡಿಸಿ, ನಾನು ಮುಂದೆ ನಿಂತು… ಎಂದೆ. ಒಳ್ಳೆಯವರೊಬ್ಬರ ಮೇಲೆ ಇಲ್ಲದ ಗುಣವನ್ನೂ ಹೊರಿಸಿದ್ದೆ.

ನೀವು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡಿರಿ.

‘ಪರದಾ ಹಿಂದ ಒಲ್ಲೆ, ದಿನಕರ. ಅಪ್ಪ ಇದ್ದಾಗಿನ ಮಾತು ಬ್ಯಾರೆ. ಗುರುವಾರ ನಾನ ಬರ್ತೇನಿ, ನಿಮ್ಮ ಅಬೂ ನಾಸರ್‌ಗ ನಾನ ಕೇಳ್ತೇನಿ. ಬ್ಯಾಡ ಅಂದ್ರ ಬ್ಯಾಡ. ಒಂದ ಸಲ ಮುಂದ ನಿಂದ್ರಬೇಕು ನನಗ. ಒಂದ ಸಲ.’

ಗುರುವಾರ ಹತ್ತಿರವಾಗುತ್ತಿತ್ತು. ನೀವು ಬಂದು ಅವರಲ್ಲಿ ಕೇಳುತ್ತೀರಿ, ಅವರು ನನ್ನ ಕಡೆ ತಿರುಗುತ್ತಾರೆ. ಕಾಯಿಲೆ ಬಂದರೆ, ಕೈ ಮುರಿದರೆ, ಅಂಗಡಿಯ ಕರೆಂಟ್ ಹೋದರೆ ಎಂದು ಏನೇನೋ ಹಾರೈಸಿಕೊಂಡೆ. ಏನಾದರೊಂದು ಆಗಲಿ, ಗುರುವಾರ ಸಂಜೆಯಾಗದಿರಲಿ ಎಂದು.

ಆಯಿತು. ಗುರುವಾರ ಬೆಳಿಗ್ಗೆ ಹೆಲಿಕಾಪ್ಟರ್ ಸದ್ದಿಗೆ ಎದ್ದು ತಾರಸಿಗೆ ಹೋದೆವು. ದೂರದಲ್ಲಿ ಹೊಗೆ, ದಾರಿಯಲ್ಲಿ ಇರಾಕಿನ ಟ್ಯಾಂಕುಗಳು. ಸದಾನಂದ ಬನಿಯನ್ನಿನಲ್ಲೇ ಗೋಡೆ ಹಿಡಿದು ನಿಂತವನು, ‘ಖಲಾಸ್ ಮಾರಾಯ, ಎಲ್ಲ ಖಲಾಸ್’ ಎಂದ. ಹಿಲ್ಡಾ ಬಾಯಿ, ಇದನ್ನು ನಾನು ಹೆಂಡತಿಗೂ ಹೇಳಿಲ್ಲ. ಒಂದು ದೇಶ ಮುಳುಗಿದ ಆ ಬೆಳಿಗ್ಗೆ ನನ್ನ ಮನಸ್ಸಿಗೆ ಮೊದಲು ಬಂದದ್ದು ಭಯವಲ್ಲ. ಇನ್ನು ಸಂಜೆಯ ಕಾರ್ಯಕ್ರಮ ಇಲ್ಲವಲ್ಲ — ಎಂಬ ಸಮಾಧಾನ. ಭಯ ಆಮೇಲೆ ಬಂತು, ಎಲ್ಲರಿಗೂ ಬಂದಷ್ಟೇ ಬಂತು. ಆದರೆ ಮೊದಲು ಬಂದದ್ದು ಅದು.

ಆ ತಿಂಗಳು ನಿಮ್ಮ ಫ್ಲಾಟಿನಲ್ಲಿ ಖುಬ್ಬೂಸ್ ರೊಟ್ಟಿ ಹಂಚಿಕೊಂಡು ತಿಂದದ್ದು, ನೀವು ಕ್ಲಿನಿಕ್ಕಿನ ಹತ್ತಿಯನ್ನು ಕಿವಿಗೆ ತುರುಕಿಕೊಂಡು ಮಲಗುತ್ತಿದ್ದದ್ದು, ಕೆಳಮನೆಯ ಮಕ್ಕಳಿಗೆ ಗಿಟಾರ್ ಮೇಲೆ ಬೆಕ್ಕಿನ ದನಿ ತೆಗೆದು ನಗಿಸುತ್ತಿದ್ದದ್ದು — ಅವೆಲ್ಲ ನನ್ನ ಒಳ್ಳೆಯ ನೆನಪುಗಳು ಎಂದರೆ ವಿಚಿತ್ರವೆನಿಸಬಹುದು. ಸೆಪ್ಟೆಂಬರಿನಲ್ಲಿ ಬಸ್ಸು ಸಿಕ್ಕಿತು. ಒಬ್ಬರಿಗೆ ಒಂದೇ ಗಂಟು. ನೀವು ಸೂಟ್‌ಕೇಸನ್ನು ಬಿಟ್ಟು ಅಪ್ಪನ ಗಿಟಾರನ್ನು ಎತ್ತಿಕೊಂಡಿರಿ. ಬಾಗ್ದಾದ್ ದಾಟಿ, ಜೋರ್ಡಾನಿನ ಗಡಿಯ ಮರಳಿನಲ್ಲಿ ಡೇರೆ ಹಾಕಿದ್ದ ಕ್ಯಾಂಪಿಗೆ ಬಂದು ಬಿದ್ದೆವು.

ಅಲ್ಲಿ ಒಂದು ಸಂಜೆ, ನೀರಿನ ಲಾರಿಗೆ ಕಾಯುತ್ತಿದ್ದಾಗ, ಕಾಸರಗೋಡಿನ ಕಡೆಯ ಟ್ಯಾಕ್ಸಿ ಚಾಲಕನೊಬ್ಬ ನನ್ನನ್ನೇ ದಿಟ್ಟಿಸಿದ. ಅವನ ಕಾರಿಗೆ ಸ್ಟೀರಿಯೋ ಕೂರಿಸಿದ್ದು ನಮ್ಮ ಅಂಗಡಿಯಲ್ಲಿ. ‘ನೀವು ಫಿಂತಾಸ್ ಫೋರಿನವರಲ್ವಾ? ಗಿಟಾರಿನ ಉಸ್ತಾದ್! ಇವನೇ ಎಲ್ಲ ಬಾರಿಸಿದ್ದು ಅಂತ ನಿಮ್ಮ ಅರ್ಬಾಬ್ ಅಬೂ ನಾಸರ್ ಕ್ಯಾಸೆಟ್ ಕೊಡುವಾಗ ಹೇಳಿದ್ದರು’ ಎಂದು ಗಟ್ಟಿಯಾಗಿ ಹೇಳಿ ನಾಲ್ಕು ಜನರನ್ನು ಕರೆದ. ನೀವು ನನ್ನ ಪಕ್ಕದಲ್ಲೇ ಗಿಟಾರಿಗೆ ಒರಗಿ ಕುಳಿತಿದ್ದಿರಿ. ನಾನು ನಿಮ್ಮ ಕಡೆ ನೋಡಲಿಲ್ಲ.

ಜನ ಸೇರಿದರು. ಬೆಳಗಿನಿಂದ ಅತ್ತು ಸಾಕಾದ ಮಕ್ಕಳು, ಮಾತೇ ಬಿಟ್ಟಿದ್ದ ಗಂಡಸರು. ಒಂದು ನುಡಿಸಿ, ಒಂದೇ ಒಂದು ಎಂದರು. ಆ ಚಾಲಕ ನಿಮ್ಮ ಪಕ್ಕದಿಂದಲೇ ಗಿಟಾರನ್ನು ಎತ್ತಿ, ಬೆಡ್‌ಶೀಟ್ ಬಿಚ್ಚಿ ನನ್ನ ಕೈಗಿಟ್ಟ. ನಾನು ಹಿಡಿದುಕೊಂಡೆ. ಎಡಗೈಯನ್ನು ಎಲ್ಲಿಡಬೇಕೆಂದು ಆಗಲೂ ನನಗೆ ಗೊತ್ತಿರಲಿಲ್ಲ. ‘ನಾನಲ್ಲ, ಇವರು’ — ಎರಡೇ ಪದ. ಅಷ್ಟು ಜನರಲ್ಲಿ ಒಬ್ಬರೂ ನನ್ನನ್ನು ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಗಿಟಾರ್ ಕೈ ಬದಲಿಸುತ್ತಿತ್ತು, ನೀವು ನುಡಿಸುತ್ತಿದ್ದಿರಿ, ನಿಮಗೆ ಬೇಕಿದ್ದ ಆ ‘ಒಂದ ಸಲ’ ಅಲ್ಲಿ ಮರಳಿನಲ್ಲಿ ಆಗಿಹೋಗುತ್ತಿತ್ತು. ನನ್ನ ಬಾಯಿ ತೆರೆಯಲಿಲ್ಲ.

ತೆರೆದದ್ದು ನಿಮ್ಮ ಬಾಯಿ.

‘ಅವನ ಕೈಗೆ ಪೆಟ್ಟಾಗೈತ್ರಿ. ಬಸ್ಸಿನ್ಯಾಗ ಬಿದ್ದಾನ. ಬಿಡ್ರಿ ಪಾಪ.’

ಎದ್ದು ಬಂದು ನನ್ನ ಕೈಯಿಂದ ಗಿಟಾರನ್ನು ಮೆಲ್ಲಗೆ ಈಸಿಕೊಂಡು, ಮತ್ತೆ ಸುತ್ತಿದಿರಿ. ನೀವು ನುಡಿಸಲಿಲ್ಲ. ನುಡಿಸಿದ್ದರೆ ಮೊದಲ ಸಾಲಿಗೇ ಆ ಚಾಲಕನಿಗೆ ಎಲ್ಲ ತಿಳಿದುಬಿಡುತ್ತಿತ್ತು. ನಾನು ಮಾಡಿದ್ದೆಲ್ಲ ನಿಮಗೆ ಗೊತ್ತಾದದ್ದು ಆ ಕ್ಷಣದಲ್ಲಿ. ನನ್ನನ್ನು ಉಳಿಸಬೇಕೆಂದು ನೀವು ನಿರ್ಧರಿಸಿದ್ದೂ ಅದೇ ಕ್ಷಣದಲ್ಲಿ. ಹೇಗೆ ಸಾಧ್ಯವಾಯಿತು ಎಂದು ಇಂದಿಗೂ… ನನಗೆ ತಿಳಿಯುವುದಿಲ್ಲ. ಜನ ನೀರಿನ ಲಾರಿಯತ್ತ ಹೋದ ಮೇಲೆ ಒಂದೇ ಮಾತು ಹೇಳಿದಿರಿ: ‘ನನಗರ ಹೇಳಬಹುದಿತ್ತಲ್ಲೋ.’

‘ಊರಿಗೆ ಹೋಗಿ ಎಲ್ಲ ಸರಿ ಮಾಡುವ ಬಾಯಿ’ ಎಂದೆ. ಬೊಂಬಾಯಿಯಲ್ಲಿ ನೀವು ಹುಬ್ಬಳ್ಳಿಯ ರೈಲು ಹತ್ತುವಾಗ, ನನ್ನ ಹತ್ತಿರ ಚಿಲ್ಲರೆ ಇಲ್ಲವೆಂದು ಬಿಸ್ಕತ್ತಿನ ಪೊಟ್ಟಣ ಕೊಡಿಸಿ ಹೋದಿರಿ. ನಿಮ್ಮ ವಿಳಾಸ ನನ್ನ ಬಳಿ ಇತ್ತು. ನಾನು ಬರೆಯಲಿಲ್ಲ.

ಮರುವರ್ಷ, ತೊಂಬತ್ತೊಂದರಲ್ಲಿ, ಅಬೂ ನಾಸರ್ ಕರೆಸಿಕೊಂಡರು. ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು. ಮಧ್ಯಾಹ್ನಕ್ಕೇ ಕಾರಿನ ಹೆಡ್‌ಲೈಟ್ ಹಾಕಬೇಕು, ಒಗೆದ ಅಂಗಿಯ ಮೇಲೆ ಮಸಿ. ರಾಯ್‌ನ ಅಂಗಡಿಯಲ್ಲಿ ಗೋಡೆ ಬಿಟ್ಟು ಏನೂ ಉಳಿದಿರಲಿಲ್ಲ. ಅಂಥ ಹೊತ್ತಿನಲ್ಲಿ ಆ ಮನುಷ್ಯ ನನಗಾಗಿ ಎಲ್ಲಿಂದಲೋ ಹೊಸ ಗಿಟಾರೊಂದನ್ನು ತರಿಸಿದ್ದರು. ಸುಟ್ಟ ಅಂಗಡಿಯ ನಡುವೆ ನಿಂತು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಆಗ ನನಗೆ ನಿಮ್ಮ ಮಾತು ನೆನಪಾಯಿತು — ಉಪಯೋಗಕ್ಕೆ ಬರುತ್ತದೆ ಎಂದು ನೆನಪಾಯಿತು.

‘ಕೈಗೆ ಪೆಟ್ಟಾಗಿದೆ. ಇನ್ನು ನುಡಿಸಲಾಗುವುದಿಲ್ಲ’ ಎಂದೆ. ಯಾವ ಕೈ ಎಂದು ನೀವು ಹೇಳಿರಲಿಲ್ಲ. ಎಡಗೈ ಎಂದು ನಾನೇ ಸೇರಿಸಿದೆ. ಅವರು ಆ ಎಡಗೈಯನ್ನು ಹಿಡಿದು, ತಮ್ಮ ಹಣೆಗೆ ಒತ್ತಿಕೊಂಡು ಅತ್ತುಬಿಟ್ಟರು. ಆಮೇಲೆ ತಿಂಗಳುಗಟ್ಟಲೆ ಅವರೆದುರು ಬಲಗೈ ಒಂದರಲ್ಲೇ ಸ್ಪೀಕರ್ ಪೆಟ್ಟಿಗೆ ಹೊತ್ತು ಸೊಂಟ ಹಿಡಿಸಿಕೊಂಡೆ. ನಿಮ್ಮ ಸಂಗೀತ ಕದ್ದಿದ್ದೆ, ಟ್ಯೂನಿನ ಹೆಸರು ಕದ್ದಿದ್ದೆ. ನನ್ನ ಮೇಲಿನ ಮರುಕದಿಂದ ನೀವು ಹೇಳಿದ ಸುಳ್ಳೊಂದು ಉಳಿದಿತ್ತು, ಅದನ್ನೂ ಬಿಡಲಿಲ್ಲ.

ಅಬೂ ನಾಸರ್ ಈಗಿಲ್ಲ. ಊರಿಗೆ ಬಂದು ಮದುವೆ ಮನೆಗಳಿಗೆ ಸೌಂಡ್ ಸಿಸ್ಟಮ್ ಕೊಡುವ ನನ್ನ ಅಂಗಡಿಯೂ ಹಳೆಯದಾಯಿತು. ಕಳೆದ ವರ್ಷ ಅವರ ಮಗಳು ಆ ಕ್ಯಾಸೆಟ್ಟನ್ನು ಇಂಟರ್ನೆಟ್ಟಿಗೆ ಹಾಕಿದಳು — ಕವರಿನ ಫೋಟೋ, ಕೆಳಗೆ ‘ಲೀಡ್ ಗಿಟಾರ್: ದಿನಕರ’, ಅಪ್ಪ ಹೇಳುತ್ತಿದ್ದಂತೆ. ಯಾವ ಯಾವ ದೇಶದವರೋ ಕೇಳಿ ಹೊಗಳಿದರು. ನಾನು ಓದಿದೆ. ಸುಮ್ಮನಿದ್ದೆ.

ಹೋದ ವಾರ ಒಂದು ಫೋನ್ ಬಂತು. ಹದಿನೈದು ಹದಿನಾರರ ಹುಡುಗಿಯ ದನಿ, ನಿಮ್ಮದೇ ಮಾತಿನ ಧಾಟಿ.

‘ದಿನಕರ್ ಸರ್ ಅಲ್ರೀ? ನಾ ಹುಬ್ಬಳ್ಳಿಯಿಂದ ಮಾತಾಡೂದ್ರಿ. ಹಿಲ್ಡಾ ಟೀಚರ್ ಹತ್ರ ಗಿಟಾರ್ ಕಲಿಯಾಕತ್ತೇನ್ರಿ. ನಿಮ್ಮ ಟ್ಯೂನ್ ಅವ್ರು ನಮಗೆಲ್ಲಾ ಕಲಿಸ್ಯಾರ್ರೀ. ಕುವೈತ್‌ನ್ಯಾಗ ದಿನಕರ ಅಂತ ನನ್ನ ತಮ್ಮ ಇದ್ದ, ಅವಂದು ಇದು ಅಂತ ಹೇಳಿ ಕಲಿಸ್ಯಾರ.’

ನಾನು ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

‘ನಡುವ ಒಂದ್ ಕಡೆ ಜೋರ್ ಓಡತೈತಲ್ರಿ, ಅಲ್ಲೆ ನಿಮ್ಮ ಬೆರಳು ಹೆಂಗ ಇಡ್ತಿದ್ರಿ ಸರ್? ಟೀಚರ್‌ದು ಈಗ ಕೈ ನೋಯ್ತಾವ್ರಿ, ಅವ್ರಿಗೆ ತೋರ್ಸಾಕ ಆಗಂಗಿಲ್ಲ. ನಾ ನಿಮ್ಮನ್ನ ಹುಡುಕಿ ಫೋನ್ ಮಾಡೇನಿ ಅಂತ ಅವ್ರಿಗೆ ಗೊತ್ತಿಲ್ರಿ.’

ಆ ಮಗುವಿಗೆ ಇನ್ನೊಂದು ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಧೈರ್ಯ ಬಂತೆಂದು ಹೇಳುವುದಿಲ್ಲ, ದಣಿದಿದ್ದೆ. ‘ಅದು ನನ್ನದಲ್ಲ ಮಗಾ’ ಎಂದೆ. ‘ನನಗೆ ಗಿಟಾರ್ ಬರುವುದಿಲ್ಲ. ಮಾಡಿದ್ದೂ ನಿಮ್ಮ ಟೀಚರೇ, ನುಡಿಸಿದ್ದೂ ಅವರೇ. ನಾನು ನನ್ನದು ಅಂತ ಹೇಳಿಕೊಂಡದ್ದು.’

ಅವಳು ಕೇಳಿದಳು — ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯದೆ.

‘ಹಂಗಾರ ಟೀಚರ್ ನಮಗ ಯಾಕ ಸುಳ್ಳು ಹೇಳಿದ್ರು ಸರ್?’

ಹಿಲ್ಡಾ ಬಾಯಿ, ಇಷ್ಟು ವರ್ಷ ನಾನು ಸುಳ್ಳುಗಾರ ಎಂದಷ್ಟೇ ತಿಳಿದಿದ್ದೆ. ನಿಮ್ಮನ್ನೂ ಸುಳ್ಳು ಹೇಳುವವರನ್ನಾಗಿ ಮಾಡಿದ್ದೇನೆಂದು, ಅದೂ ನಿಮ್ಮ ಮಕ್ಕಳೆದುರು, ನಿಮ್ಮದೇ ಟ್ಯೂನಿನ ಬಗ್ಗೆ — ಅದು ನನಗೆ ಹೊಳೆದೇ ಇರಲಿಲ್ಲ. ‘ನನ್ನ ಮರ್ಯಾದೆ ಉಳಿಸಲಿಕ್ಕೆ’ ಎಂದು ಅವಳಿಗೆ ಹೇಳಿದೆ. ಅದು ಅವಳಿಗೆ ಅರ್ಥವಾದಂತೆ ಕಾಣಲಿಲ್ಲ. ನನಗೂ ಪೂರ್ತಿ ಅರ್ಥವಾಗಿಲ್ಲ. ನಾನು ಅಷ್ಟು ಬೆಲೆಬಾಳುವವನಲ್ಲ.

ಅಬೂ ನಾಸರರ ಮಗಳಿಗೆ ನಿನ್ನೆ ಬರೆದು ನನ್ನ ಹೆಸರು ತೆಗೆಸಿ ನಿಮ್ಮ ಹೆಸರು ಹಾಕಿಸಿದ್ದೇನೆ. ಅದನ್ನು ಓದಬೇಕಾಗಿದ್ದ ನಿಮ್ಮ ಅಪ್ಪ ಓದಲಾರರು. ಅದನ್ನು ಸರಿಪಡಿಸಲು ನನ್ನಿಂದ ಆಗದು. ಈ ಬರಹವನ್ನು ಆ ಹುಡುಗಿಗೆ ಕಳಿಸುತ್ತಿದ್ದೇನೆ. ಭಾನುವಾರ ನಿಮ್ಮ ಮನೆಯ ಕ್ಲಾಸಿನಲ್ಲಿ, ಎಲ್ಲರೆದುರು, ನೀವೂ ಇರುವಾಗ ಗಟ್ಟಿಯಾಗಿ ಓದಬೇಕೆಂದು ಕೇಳಿಕೊಂಡಿದ್ದೇನೆ. ಅವಳು ಓದುವಾಗ ನಾನು ನಿಮ್ಮ ಮನೆಯ ಹೊರಗೆ ರಸ್ತೆಯಲ್ಲಿ ನಿಂತಿರುತ್ತೇನೆ. ಕ್ಷಮಿಸಿ ಎಂದು ಕೇಳಲು ಬರುತ್ತಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ಅದು ನನಗೆ ಗೊತ್ತು. ಆ ಮಕ್ಕಳಿಗೆ ಇನ್ನೂ ಏನಾದರೂ ಕೇಳುವುದಿದ್ದರೆ ಉತ್ತರ ಹೇಳುವ ಕೆಲಸ ನನ್ನದು, ನಿಮ್ಮದಲ್ಲ. ಅದಕ್ಕಾಗಿ ಬರುತ್ತಿದ್ದೇನೆ.